ವ್ಯಾಪಾರದ ವಿದ್ಯುತ್ತು: ಕಂಪನಿ ಬದಲಿಸುವ ಮೊದಲು ಮಾಡತಕ್ಕ ಲೆಕ್ಕ

ಮುಂಬಯಿಯ ಉಪನಗರಗಳಲ್ಲಿ ಹೋಟೆಲು, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ನಡೆಸುತ್ತಿರುವ ನಮ್ಮ ಬಂಧುಗಳು ವಾಚನಾಲಯಕ್ಕೆ ಬಂದಾಗ ಕೇಳುವ ಪ್ರಶ್ನೆಯೊಂದುಂಟು: "ಲೈಟ್ ಬಿಲ್ಲು ತಾಳಲಾಗುತ್ತಿಲ್ಲ, ಈ ಕಂಪನಿ ಬಿಟ್ಟು ಆ ಕಂಪನಿಗೆ ಹೋದರೆ ಅಗ್ಗವಾದೀತೇ?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಉತ್ತರ ಕಂಡುಕೊಳ್ಳುವ ದಾರಿಯುಂಟು. ಮಿಲ್ಲಿನ ಕಚೇರಿಯಲ್ಲಿ ಬಿಲ್ಲು, ವೋಚರುಗಳನ್ನು ತಾಳೆ ನೋಡುವ ನಮಗೆ ತಿಳಿದುಬಂದ ನಿಯಮ ಇಷ್ಟೇ: ಯೂನಿಟ್ಟಿನ ದರವನ್ನು ಹೋಲಿಸಬಾರದು, ಇಡೀ ಬಿಲ್ಲನ್ನು ಹೋಲಿಸಬೇಕು.

ಆಯ್ಕೆ ಎಲ್ಲಿಂದ ಬಂತು?

ಟಾಟಾ ಸಂಸ್ಥೆಯು ಖೋಪೋಲಿಯ ಜಲವಿದ್ಯುತ್ತನ್ನು ಮುಂಬಯಿಯ ಬಟ್ಟೆ ಗಿರಣಿಗಳಿಗೆ ಒದಗಿಸತೊಡಗಿದ್ದು 1915 ರಲ್ಲಿ. ಉಪನಗರಗಳಿಗೆಂದು 1929 ರಲ್ಲಿ ಬೇರೊಂದು ಕಂಪನಿ ಹುಟ್ಟಿತು. ಅದೇ ಮುಂದೆ ಬಿ.ಎಸ್.ಇ.ಎಸ್. ಎಂದು ಹೆಸರಾಗಿ, ಅನಂತರ ರಿಲಾಯನ್ಸ್ ಕೈಸೇರಿ, 2018 ರಲ್ಲಿ ಅದಾನಿ ಸಂಸ್ಥೆಗೆ ಹೋಯಿತು. ಸಣ್ಣ ಗ್ರಾಹಕರಿಗೂ ಟಾಟಾ ಪವರ್ ವಿದ್ಯುತ್ತು ಮಾರಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ನಡೆದು, 2008 ರ ಜುಲೈ ತಿಂಗಳಲ್ಲಿ, ಮಾರಬಹುದೆಂದು ತೀರ್ಪಾಯಿತು. 2009 ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗವು, ಒಬ್ಬರ ತಂತಿಯ ಮೇಲೆ ಇನ್ನೊಬ್ಬರ ವಿದ್ಯುತ್ತು ಪಡೆಯುವ ಕ್ರಮಕ್ಕೆ ದಾರಿ ಮಾಡಿಕೊಟ್ಟಿತು.

ಈ ಅನುಕೂಲ ಎಲ್ಲೆಡೆಯೂ ಇಲ್ಲ. ಡೊಂಬಿವಲಿ, ವಾಶಿ ಕಡೆಯಲ್ಲಿರುವವರಿಗೆ ವಿದ್ಯುತ್ತು ಕೊಡುವುದು ಮಹಾವಿತರಣ. ಕೋಟೆ, ದಾದರ್ ಮುಂತಾದ ದ್ವೀಪನಗರದ ಭಾಗಕ್ಕೆ ಬೆಸ್ಟ್ ಇದೆ; ಅದು ನಗರಪಾಲಿಕೆಗೆ ಸೇರಿದ್ದು. ತನ್ನ ತಂತಿಯನ್ನು ಪರರಿಗೆ ಬಿಟ್ಟುಕೊಡಲೇಬೇಕೆಂಬ 2003 ರ ವಿದ್ಯುತ್ ಕಾಯಿದೆಯ ಕಟ್ಟಳೆ ಇಂಥ ಸ್ಥಳೀಯ ಸಂಸ್ಥೆಗೆ ಅನ್ವಯಿಸುವುದಿಲ್ಲ. ಆದುದರಿಂದ ಅಂಧೇರಿಯ ಗೆಳೆಯರು ಬದಲಿಸಿದರೆಂದು ಡೊಂಬಿವಲಿಯವರು ಅರ್ಜಿ ಬರೆಯಲು ಕೂರುವುದು ವ್ಯರ್ಥ.

ಬದಲಾವಣೆಯ ಎರಡು ಬಗೆ

ಮೊದಲನೆಯದು ಚೇಂಜ್‌ಓವರ್. ತಂತಿ ಹಳೆಯ ಕಂಪನಿಯದೇ, ವಿದ್ಯುತ್ತು ಮಾತ್ರ ಹೊಸಬರದು. ಎರಡನೆಯದು ಸ್ವಿಚ್‌ಓವರ್. ಇದರಲ್ಲಿ ಹೊಸ ಕಂಪನಿ ತನ್ನ ಸ್ವಂತ ತಂತಿಯನ್ನೇ ನಿಮ್ಮ ಅಂಗಡಿಯವರೆಗೆ ಎಳೆದಿರಬೇಕು. ಚೇಂಜ್‌ಓವರ್ ಮಾಡಿದವರು ವಿದ್ಯುತ್ತಿನ ಬೆಲೆಯನ್ನು ಹೊಸ ಕಂಪನಿಯ ದರದಂತೆ ಕೊಡುತ್ತಾರೆ. ತಂತಿಯ ಬಾಡಿಗೆ, ಅಂದರೆ ವೀಲಿಂಗ್ ಚಾರ್ಜು, ತಂತಿಯ ಒಡೆಯನಿಗೇ ಸಲ್ಲುತ್ತದೆ. ಅದರ ಮೇಲೆ ಕ್ರಾಸ್ ಸಬ್ಸಿಡಿ ಸರ್ಚಾರ್ಜು ಎಂಬುದೂ ಸೇರಬಹುದು. ಅಂಗಡಿ, ಕಾರಖಾನೆಗಳಿಂದ ಹೆಚ್ಚು ಪಡೆದು ಬಡ ಮನೆಗಳಿಗೆ ಕಡಿಮೆ ದರದಲ್ಲಿ ಕೊಡುವುದು ನಮ್ಮ ದರಪಟ್ಟಿಯ ಹಳೆಯ ಪದ್ಧತಿ. ಹೆಚ್ಚು ಕೊಡುವ ಗ್ರಾಹಕನು ಬಿಟ್ಟುಹೋದಾಗ ಆಗುವ ಕೊರತೆಯನ್ನು ತುಂಬುವುದಕ್ಕಾಗಿ ಈ ಸರ್ಚಾರ್ಜು.

ಒಂದು ಲೆಕ್ಕ

ತಿಂಗಳಿಗೆ 3000 ಯೂನಿಟ್ಟು ಉರಿಸುವ ಹೋಟೆಲೊಂದನ್ನು ಭಾವಿಸೋಣ. ಇಲ್ಲಿಯ ದರಗಳು ಪಾಠಕ್ಕಾಗಿ ಹಿಡಿದವು. ನಿಜವಾದ ದರವನ್ನು ಆಯೋಗದ ಪಟ್ಟಿಯಲ್ಲೇ ನೋಡತಕ್ಕದ್ದು.

ಈಗಿನ ಕಂಪನಿ: ವಿದ್ಯುತ್ತು ಯೂನಿಟ್ಟಿಗೆ 6 ರೂಪಾಯಿಯಂತೆ 18,000, ತಂತಿ ಬಾಡಿಗೆ 2 ರೂಪಾಯಿಯಂತೆ 6,000, ಸ್ಥಿರ ಶುಲ್ಕ 500. ಒಟ್ಟು 24,500 ರೂಪಾಯಿ.

ಹೊಸ ಕಂಪನಿ: ವಿದ್ಯುತ್ತು 5 ರೂಪಾಯಿ 20 ಪೈಸೆಯಂತೆ 15,600, ತಂತಿ ಬಾಡಿಗೆ ಮೊದಲಿನಂತೆಯೇ 6,000, ಸರ್ಚಾರ್ಜು 50 ಪೈಸೆಯಂತೆ 1,500, ಸ್ಥಿರ ಶುಲ್ಕ 900. ಒಟ್ಟು 24,000 ರೂಪಾಯಿ.

ಯೂನಿಟ್ಟಿನ ದರವನ್ನೇ ನೋಡಿದವನಿಗೆ 2,400 ರೂಪಾಯಿ ಉಳಿಯುವಂತೆ ಕಂಡಿತು. ಉಳಿದದ್ದು 500. ಸರ್ಚಾರ್ಜು ಇನ್ನು 20 ಪೈಸೆ ಏರಿದರೆ ಅದೂ ಹೋಗಿ, 100 ರೂಪಾಯಿ ಕೈಯಿಂದಲೇ ಬೀಳುತ್ತದೆ. ದರಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ ಇಂದು ಅಗ್ಗವಾದವರು ನಾಳೆ ತುಟ್ಟಿಯಾಗಬಹುದು. ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಬೇಕು. ಬೇಸಿಗೆಯ ಒಂದು ಬಿಲ್ಲು ಸಾಲದು.

ಕರಾರಿನಲ್ಲಿ ನೋಡತಕ್ಕದ್ದು

ಸಣ್ಣ ಗ್ರಾಹಕನು ಇಲ್ಲಿ ದರದ ಚೌಕಾಶಿ ಮಾಡುವಂತಿಲ್ಲ, ದರ ಆಯೋಗದ್ದು. ಆದ್ದರಿಂದ "ನಿಮಗೊಬ್ಬರಿಗೇ ಅರ್ಧ ದರ ಮಾಡಿಸುತ್ತೇನೆ" ಎಂದು ಬರುವ ದಲ್ಲಾಳಿಯ ಮಾತಿಗೆ ಬೆಲೆಯಿಲ್ಲ. ಆದರೂ ನೀವು ಸಹಿ ಮಾಡುವ ಅರ್ಜಿಯೇ ಕರಾರು. ಅದರಲ್ಲಿ ಯಾರ ಹೆಸರು, ಎಷ್ಟು ಕಿಲೋವ್ಯಾಟ್ ಲೋಡು, ಯಾವ ಉಪಯೋಗ, ಎಷ್ಟು ಠೇವಣಿ ಎಂಬ ನಾಲ್ಕನ್ನೂ ಓದಿಸಿಕೊಂಡು ನೋಡಬೇಕು. ಮನೆಯೆಂದು ಪಡೆದ ಮೀಟರಿನಲ್ಲಿ ಅಂಗಡಿ ನಡೆಸಿದರೆ ಕಾಯಿದೆಯ 126 ನೆಯ ಕಲಮಿನಂತೆ ದುಪ್ಪಟ್ಟು ದರ ತೆರಬೇಕಾದೀತು. ಠೇವಣಿಗೆ ಬಡ್ಡಿ ಬರಬೇಕೆಂದು 47 ನೆಯ ಕಲಮು ಹೇಳುತ್ತದೆ. ಅದು ಬಿಲ್ಲಿನಲ್ಲಿ ಜಮೆಯಾಗಿದೆಯೇ ನೋಡಿರಿ.

ಬೇರೆಯವರ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ನಡೆಸುವವರು ವಿಶೇಷ ಜಾಗ್ರತೆ ವಹಿಸಬೇಕು. ಬಿಲ್ಲು ನೀವು ಕಟ್ಟಿದರೂ ಮೀಟರು ಮಾಲಿಕರ ಹೆಸರಿನಲ್ಲಿದ್ದರೆ, ಅವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಹಿಂದಿನವರ ಬಾಕಿಯನ್ನೂ ವಿಚಾರಿಸಿರಿ. ನಿಯಮಗಳಲ್ಲಿ ಅವಕಾಶವಿದ್ದರೆ, ಹೊಸ ಜೋಡಣೆ ಕೊಡುವ ಮುನ್ನ ಆ ಜಾಗದ ಹಳೆಯ ಬಾಕಿಯನ್ನು ಕೇಳಬಹುದೆಂದು 2023 ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಬೆವರು ಸುರಿಸಿ ಕೂಡಿಸಿದ ಭಾಂಡವಲು ಪರರ ಬಾಕಿಗೆ ಹೋಗಬಾರದು.

ದೊಡ್ಡ ಗ್ರಾಹಕರ ಮಾತು ಬೇರೆ. 2022 ರ ನಿಯಮಗಳಂತೆ 100 ಕಿಲೋವ್ಯಾಟ್ ಮತ್ತು ಹೆಚ್ಚಿನ ಲೋಡು ಉಳ್ಳವರು ಸೂರ್ಯ, ಗಾಳಿಗಳ ವಿದ್ಯುತ್ತನ್ನು ಉತ್ಪಾದಕರಿಂದಲೇ ಕೊಳ್ಳಬಹುದು. ಅಲ್ಲಿ ದರ ಪರಸ್ಪರ ಒಪ್ಪಂದದ್ದು. ಎಷ್ಟು ವರ್ಷದ ಕಟ್ಟು, ಬಳಸದಿದ್ದರೂ ತೆರಬೇಕಾದ ಕನಿಷ್ಠ ಹಣವೆಷ್ಟು, ಸರ್ಚಾರ್ಜು ಏರಿದರೆ ಹೊರುವವರಾರು, ಬಿಡಬೇಕಾದರೆ ಎಷ್ಟು ದಿನದ ನೋಟೀಸು, ಎಷ್ಟು ದಂಡ ಎಂಬುದನ್ನು ವಕೀಲರಿಗೆ ತೋರಿಸದೆ ಸಹಿ ಹಾಕಕೂಡದು.

ತಗಾದೆ ಬಂದರೆ

ಬಾಕಿಗಾಗಿ ವಿದ್ಯುತ್ತು ಕಡಿಯುವ ಮೊದಲು ಪೂರಾ 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು 56 ನೆಯ ಕಲಮು ವಿಧಿಸುತ್ತದೆ. ಬಿಲ್ಲು ತಪ್ಪೆಂದು ತೋರಿದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವುಗಳಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆ ಬರೆದು ಕಟ್ಟಿದರೆ ತಗಾದೆ ತೀರುವ ತನಕ ಕಡಿಯುವಂತಿಲ್ಲ. ಅನಂತರ ಕಂಪನಿಯ ಗ್ರಾಹಕ ದೂರು ವೇದಿಕೆಗೂ, ಅಲ್ಲಿ ಪರಿಹಾರ ಸಿಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ನರಿಗೂ ದೂರು ಕೊಡಬಹುದು.

ಕಡೆಯದಾಗಿ, ಕಂಪನಿ ಬದಲಿಸದೆಯೂ ಉಳಿಸುವ ದಾರಿಯೊಂದಿದೆ. 10 ಕಿಲೋವ್ಯಾಟಿಗೆ ಮೀರಿದ ಬೇಡಿಕೆಯ ವ್ಯಾಪಾರಸ್ಥರಿಗೆ 2024 ರ ಏಪ್ರಿಲಿನಿಂದ ವೇಳೆಗೆ ತಕ್ಕ ದರ ಇರಬೇಕೆಂದೂ, ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಶೇಕಡಾ 20 ರಷ್ಟಾದರೂ ಕಡಿಮೆಯಿರಬೇಕೆಂದೂ ಕೇಂದ್ರ ಸರಕಾರದ 2023 ರ ನಿಯಮ ಹೇಳುತ್ತದೆ. ಸಂಜೆ ರುಬ್ಬುವ ದೋಸೆ ಹಿಟ್ಟನ್ನು ಮಧ್ಯಾಹ್ನವೇ ರುಬ್ಬಿಟ್ಟರೆ ರುಚಿಗೇನೂ ಕುಂದಿಲ್ಲ, ಬಿಲ್ಲಿಗೆ ಲಾಭವುಂಟು.

ಬಿಲ್ಲು ಓದಲು ತೊಡಕಾಗುವವರು ರವಿವಾರ ಬೆಳಗ್ಗೆ ವಾಚನಾಲಯಕ್ಕೆ ಒಂದು ವರ್ಷದ ಬಿಲ್ಲುಗಳನ್ನು ತರಲಿ. ಜೊತೆಗೂಡಿ ಕೂತು ಲೆಕ್ಕ ಹಾಕೋಣ, ಸಹಿ ಆಮೇಲೆ.