ಆರನೇ ನಂಬರಿನ ಅಂಗಿಯಿಂದ ಕಲಿತದ್ದು

ಪೂರ್ವ ಲಂಡನ್ನಿನ ಹ್ಯಾಕ್ನಿ ಮಾರ್ಷಸ್ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಹದಿನಾಲ್ಕರೊಳಗಿನ ಮಕ್ಕಳಿಗೆ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಆಡುವುದನ್ನು ಹೇಳಿಕೊಡುತ್ತೇನೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅದೇ ಬಯಲಿನಲ್ಲಿ ನಾನೇ ಆಡಿದ್ದೆ. ಅದಕ್ಕೂ ಹಿಂದೆ ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ. ನನ್ನ ಜಾಗಕ್ಕೆ ಅಲ್ಲಿ ‘ಸ್ಟಾಪರ್’ ಅನ್ನುತ್ತಿದ್ದರು. ಈ ಕೆಲಸ ನನಗೆ ಕಲಿಸಿದವರಲ್ಲಿ ನಾನು ಒಮ್ಮೆಯೂ ಮಾತನಾಡಿಸದ ಒಬ್ಬರಿದ್ದಾರೆ: ಆರ್ಸೆನಲ್‌ನ ಆರನೇ ನಂಬರಿನ ಅಂಗಿಯ ಟೋನಿ ಆಡಮ್ಸ್. 1983ರಿಂದ 2002ರವರೆಗೆ ಒಂದೇ ಕ್ಲಬ್, 669 ಪಂದ್ಯ, ನಾಲ್ಕು ಲೀಗ್ ಪ್ರಶಸ್ತಿ. ಅವರನ್ನು ನೋಡಿ ಕಲಿತದ್ದರಲ್ಲಿ ಕೆಲವು ಬೇಗ ತಲೆಗೆ ಹತ್ತಿದವು. ಕೊನೆಯದು ಮಾತ್ರ ತೀರಾ ತಡವಾಯಿತು.

1. ಮೊದಲು ಬಾಯಿ, ಆಮೇಲೆ ಕಾಲು

ನಾನು ಲಂಡನ್ನಿಗೆ ಬಂದದ್ದು 2000ದಲ್ಲಿ. ಆ ಸೀಸನ್ನಿನಲ್ಲಿ ಒಮ್ಮೆ ಆರ್ಸೆನಲ್‌ನ ಅಂದಿನ ಹೈಬರಿ ಕ್ರೀಡಾಂಗಣದಲ್ಲಿ ಮೈದಾನಕ್ಕೆ ಹತ್ತಿರದ ಸೀಟು ಸಿಕ್ಕಿತು. ಅಲ್ಲಿ ಗೆರೆಗೂ ಜನರಿಗೂ ಅಂತರ ಬಹಳ ಕಡಿಮೆ ಇತ್ತು. ಆಡಮ್ಸ್‌ಗೆ ಆಗ 34 ವರ್ಷ. ನಾನು ಚೆಂಡು ನೋಡುವುದನ್ನು ಬಿಟ್ಟು ಅವರನ್ನೇ ನೋಡುತ್ತ ಕುಳಿತೆ. ಚೆಂಡು ಆಚೆ ತುದಿಯಲ್ಲಿದ್ದಾಗಲೂ ಅವರ ಬಾಯಿ ಮುಚ್ಚಿರಲಿಲ್ಲ. ಯಾರು ಎಡಕ್ಕೆ ಸರಿಯಬೇಕು, ಯಾರ ಬೆನ್ನ ಹಿಂದೆ ಎದುರಾಳಿ ನಿಂತಿದ್ದಾನೆ, ಸಾಲು ಮುಂದಕ್ಕೆ ಹೋಗಬೇಕೋ ಬೇಡವೋ, ಎಲ್ಲವನ್ನೂ ಕೈ ಬೀಸಿ ಕೂಗುತ್ತಲೇ ಇದ್ದರು. ಅಪಾಯ ಬಂದಾಗ ಅವರು ಓಡಬೇಕಾಗಿ ಬಂದದ್ದು ಎರಡೋ ಮೂರೋ ಸಲ. ಉಳಿದ ಅಪಾಯಗಳು ಹುಟ್ಟುವ ಮೊದಲೇ ಆ ಕೂಗಿಗೆ ಮುಗಿದುಹೋಗಿದ್ದವು. ಆಸ್ಟಿನ್ ಟೌನ್‌ನಲ್ಲಿ ನಾನು ಟ್ಯಾಕ್ಲಿಂಗ್‌ಗೆ ಹೆಸರಾಗಿದ್ದವನು. ಆ ಮಧ್ಯಾಹ್ನ ಅರ್ಥವಾಯಿತು: ನಾನು ಅಷ್ಟೊಂದು ಟ್ಯಾಕಲ್ ಮಾಡಬೇಕಾಗಿ ಬರುತ್ತಿದ್ದದ್ದೇ ನಾನು ಸುಮ್ಮನಿರುತ್ತಿದ್ದುದರಿಂದ.

2. ಹಗ್ಗ

ಜಾರ್ಜ್ ಗ್ರಹಾಂ 1986ರಲ್ಲಿ ಆರ್ಸೆನಲ್ ಮ್ಯಾನೇಜರ್ ಆದರು. ಹಿಂದಿನ ಸಾಲಿನ ನಾಲ್ವರ ಕೈಗೆ ಹಗ್ಗ ಕೊಟ್ಟು ಒಟ್ಟಿಗೆ ಸರಿದಾಡುವುದನ್ನು ಅಭ್ಯಾಸ ಮಾಡಿಸುತ್ತಿದ್ದರು ಎನ್ನುವುದು ಆ ತಂಡದ ಬಗ್ಗೆ ಎಲ್ಲರೂ ಹೇಳುವ ಮಾತು. ಡಿಕ್ಸನ್, ಆಡಮ್ಸ್, ಬೌಲ್ಡ್, ವಿಂಟರ್‌ಬರ್ನ್: ಈ ನಾಲ್ಕು ಹೆಸರನ್ನು ಇಲ್ಲಿನ ಹಿರಿಯರು ಒಂದೇ ಉಸಿರಿಗೆ ಹೇಳುತ್ತಾರೆ.

ನನ್ನ ಹತ್ತಿರ ಇರುವುದು ಬಟ್ಟೆ ಒಣಹಾಕುವ ನೈಲಾನ್ ಹಗ್ಗ, ಎಂಟು ಹೆಜ್ಜೆಗೊಂದು ಗಂಟು. ನಾಲ್ಕು ಗಂಟು, ನಾಲ್ಕು ಮಕ್ಕಳು. ಎಡಗಡೆಯವನು ಚೆಂಡು ಕಂಡದ್ದೇ ಹೊರಕ್ಕೆ ಓಡುತ್ತಾನೆ. ಬಲಗಡೆಯವಳ ಅಂಗೈಯಲ್ಲಿ ಹಗ್ಗ ಚುರುಕ್ಕೆನ್ನುತ್ತದೆ. ಮೊದಲ ವಾರ ಜಗಳ. ಎರಡನೇ ವಾರ ಓಡುವ ಮುಂಚೆ ‘ಬರ್ತೀನಿ’, ‘ಹೋಗು’ ಅಂತ ಒಬ್ಬರಿಗೊಬ್ಬರು ಹೇಳಲು ಶುರುಮಾಡುತ್ತಾರೆ, ಅದೂ ನಾನು ಹೇಳಿಕೊಡದೆಯೇ. ನಾಲ್ಕನೇ ವಾರ ಹಗ್ಗ ತೆಗೆದು ಚೀಲಕ್ಕೆ ಹಾಕಿದೆ. ಪಂದ್ಯದ ನಡುವೆ ನೋಡಿದರೆ ನಾಲ್ವರ ಬೆರಳುಗಳೂ ಇಲ್ಲದ ಗಂಟನ್ನು ಹಿಡಿದಂತೆ ಮಡಚಿಕೊಂಡೇ ಇದ್ದವು. ಈ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಕಡಿಮೆ.

3. ನಿಯಮ ಬದಲಾದರೆ ಅಳಬೇಡಿ

1990ರವರೆಗೆ ಡಿಫೆಂಡರ್‌ಗಳ ಸಾಲಿಗೆ ಸರಿಸಮನಾಗಿ ನಿಂತ ಸ್ಟ್ರೈಕರ್ ಆಫ್‌ಸೈಡ್. ಆ ವರ್ಷ ನಿಯಮ ತಿದ್ದಿದರು. ಸರಿಸಮ ನಿಂತರೆ ತಪ್ಪಿಲ್ಲ ಎಂದಾಯಿತು. ಕೈಯೆತ್ತಿ ಆಫ್‌ಸೈಡ್ ಕೇಳುವುದಕ್ಕೇ ಹೆಸರಾದ ತಂಡಕ್ಕೆ ಇದು ದೊಡ್ಡ ಪೆಟ್ಟಾಗಬೇಕಿತ್ತು. ಅದೇ 1990–91ರ ಸೀಸನ್ನಿನಲ್ಲಿ ಆರ್ಸೆನಲ್ 38 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 18 ಗೋಲು, ಸೋತದ್ದು ಒಂದೇ ಪಂದ್ಯ. ಆ ಸಾಲು ನಿಂತಿದ್ದದ್ದು ಲೈನ್ಸ್‌ಮನ್ನಿನ ಬಾವುಟದ ಮೇಲಲ್ಲ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

4. ಒದೆಯುವುದನ್ನು ನಿಲ್ಲಿಸಬೇಡಿ

1989ರ ಏಪ್ರಿಲ್ 2, ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್. ಆರ್ಸೆನಲ್ ಪರ ಗೋಲು ಹೊಡೆದವರು ಆಡಮ್ಸ್. ಆಮೇಲೆ ಕ್ರಾಸ್ ಒಂದನ್ನು ಆಚೆ ಅಟ್ಟಲು ಹೋಗಿ ತಮ್ಮದೇ ಗೋಲಿಗೆ ಒದ್ದವರೂ ಅವರೇ. 1–1. ಮರುದಿನ ಪತ್ರಿಕೆಯೊಂದು ಅವರ ಚಿತ್ರಕ್ಕೆ ಕತ್ತೆಯ ಕಿವಿ ಅಂಟಿಸಿತು. ಮುಂದೆ ಎಷ್ಟೋ ಮೈದಾನಗಳಲ್ಲಿ ಅವರು ಚೆಂಡು ಮುಟ್ಟಿದರೆ ಜನ ಕತ್ತೆಯಂತೆ ಕೂಗಿದರು, ಗಜ್ಜರಿ ಎಸೆದರು. ಅವರಿಗೆ ಆಗ 22 ವರ್ಷ, ಆಗಲೇ ನಾಯಕ. ಎಂಟು ವಾರ ಕಳೆಯುವುದರೊಳಗೆ, ಮೇ 26ರಂದು, ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಎರಡು ಗೋಲುಗಳ ಅಂತರದಿಂದ ಗೆದ್ದರೆ ಮಾತ್ರ ಲೀಗ್ ಎನ್ನುವ ಪಂದ್ಯ ಬಂತು. 2–0 ಗೆದ್ದು ಟ್ರೋಫಿ ಎತ್ತಿದವರು ಅದೇ ನಾಯಕ.

ಡಿಫೆಂಡರ್‌ನ ತಪ್ಪು ಸ್ಕೋರ್‌ಬೋರ್ಡಿನಲ್ಲಿ ಕಾಣುತ್ತದೆ, ಅವನು ತಡೆದದ್ದು ಎಲ್ಲಿಯೂ ಕಾಣುವುದಿಲ್ಲ. ಈ ಅನ್ಯಾಯವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ.

5. ನಿಮಗಿಂತ ಒಳ್ಳೆಯವನು ಬರುತ್ತಾನೆ

1988ರ ಯೂರೋ ಕಪ್‌ನಲ್ಲಿ ಡಸೆಲ್ಡಾರ್ಫ್‌ನಲ್ಲಿ ನೆದರ್ಲೆಂಡ್ಸ್‌ನ ಮಾರ್ಕೊ ವ್ಯಾನ್ ಬಾಸ್ಟನ್ ಇಂಗ್ಲೆಂಡಿಗೆ ಮೂರು ಗೋಲು ಹೊಡೆದರು. ಅವರನ್ನು ತಡೆಯಬೇಕಿದ್ದ ಆಡಮ್ಸ್ ಆಗ 21ರ ಹುಡುಗ. ಆದರೂ 1996ರ ಯೂರೋದಲ್ಲಿ ಇಂಗ್ಲೆಂಡ್ ತಂಡವನ್ನು ಮುನ್ನಡೆಸಿದವರು ಅವರೇ.

6. ಜೊತೆಗಾರನನ್ನು ನಂಬಿ

1998ರ ಮೇ 3, ಹೈಬರಿ, ಎವರ್ಟನ್ ವಿರುದ್ಧ ಕೊನೆಯ ನಿಮಿಷ. ಸ್ಟೀವ್ ಬೌಲ್ಡ್ ಮಧ್ಯದಿಂದ ಚೆಂಡನ್ನು ಎದುರಾಳಿಗಳ ತಲೆಯ ಮೇಲಿಂದ ಎತ್ತಿ ಹಾಕಿದರು. ಅದರ ಹಿಂದೆ ಓಡಿದವರು ಇನ್ನೊಬ್ಬ ಸ್ಟಾಪರ್! ಆಡಮ್ಸ್ ಎಡಗಾಲಿನಲ್ಲಿ ಹೊಡೆದರು, 4–0, ಲೀಗ್ ಅವರದಾಯಿತು. ಹತ್ತು ವರ್ಷ ಪಕ್ಕಪಕ್ಕದಲ್ಲಿ ಆಡಿದ ಇಬ್ಬರು. ಆ ಓಟ ಎಲ್ಲಿಗೆ ಮುಟ್ಟುತ್ತದೆ ಎಂದು ಬೌಲ್ಡ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

7. ತನ್ನ ಬಗ್ಗೆಯೂ ಬಾಯಿ ಬಿಡಬೇಕು

ಇದು ಕಷ್ಟದ ಪಾಠ. ಮೈದಾನದಲ್ಲಿ ಅಷ್ಟು ಕೂಗುತ್ತಿದ್ದ ಮನುಷ್ಯ ಹೊರಗೆ ಒಂದು ಮಾತನ್ನು ವರ್ಷಗಟ್ಟಲೆ ನುಂಗಿಕೊಂಡಿದ್ದರು. ಕುಡಿತ. 1990ರ ಮೇನಲ್ಲಿ ಕುಡಿದು ಕಾರನ್ನು ಗೋಡೆಗೆ ಗುದ್ದಿದರು. ಡಿಸೆಂಬರಿನಲ್ಲಿ ನಾಲ್ಕು ತಿಂಗಳ ಶಿಕ್ಷೆಯಾಗಿ ಅದರಲ್ಲಿ ಅರ್ಧ ಜೈಲಿನಲ್ಲಿ ಕಳೆದರು. 1990–91ರ ಸೀಸನ್ನಿನ ಆ ಒಂದೇ ಸೋಲು ಬಂದದ್ದು ಅವರು ಒಳಗಿದ್ದಾಗ. ಜೈಲೂ ಆ ಚಟ ಬಿಡಿಸಲಿಲ್ಲ. ಬಿಟ್ಟದ್ದು 1996ರ ಆಗಸ್ಟಿನಲ್ಲಿ. ಸೆಪ್ಟೆಂಬರಿನಲ್ಲಿ ತಂಡದವರ ಮುಂದೆ ನಿಂತು ತಾನು ಮದ್ಯವ್ಯಸನಿ ಎಂದು ಹೇಳಿದರು. ಹೊಸ ಮ್ಯಾನೇಜರ್ ಆರ್ಸೆನ್ ವೆಂಗರ್ ಬಂದು ಊಟ, ಅಭ್ಯಾಸ ಎಲ್ಲ ಬದಲಿಸಿದ್ದು ಅದಾದ ಮೇಲೆ. 2000ದಲ್ಲಿ ಆಡಮ್ಸ್ ಕಷ್ಟದಲ್ಲಿರುವ ಆಟಗಾರರಿಗಾಗಿ ‘ಸ್ಪೋರ್ಟಿಂಗ್ ಚಾನ್ಸ್’ ಎಂಬ ಸಂಸ್ಥೆ ಕಟ್ಟಿದರು. ಅವರ ಟ್ರೋಫಿಗಳೆಲ್ಲವನ್ನೂ ಒಂದು ಕಡೆ ಇಟ್ಟರೂ ನನಗೆ ಇದೇ ದೊಡ್ಡದು.

ನಾನು ಹಾಗೆ ಬಾಯಿ ಬಿಡಲಿಲ್ಲ. 32ನೇ ವಯಸ್ಸಿನಲ್ಲಿ ಬಲಮಂಡಿ ಊದತೊಡಗಿದಾಗ ಜಾಗ ಕೈತಪ್ಪೀತು ಎಂದು ಹೆದರಿ, ಬ್ಯಾಂಡೇಜ್ ಮೇಲೆ ಉದ್ದದ ಕಾಲುಚೀಲ ಎಳೆದುಕೊಂಡು ಇಡೀ ಸೀಸನ್ ಆಡಿದೆ. ಹೆಂಡತಿಗೂ ಹೇಳಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು, ಆಟ ಮುಗಿಯಿತು. ಈಗಲೂ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇನೆ.

ಹೋದ ಚಳಿಗಾಲದಲ್ಲಿ ನಮ್ಮ ಸಾಲಿನ ಹುಡುಗನೊಬ್ಬ ಕಾರ್ನರ್‌ನಲ್ಲಿ ಎದುರಾಳಿಯ ತಲೆಗೆ ತಲೆ ತಾಗಿಸಿಕೊಂಡ. ಎದ್ದು ನಿಂತ. ಆಟ ಶುರುವಾಗುವ ಮೊದಲೇ ಕೈಯೆತ್ತಿದ; ನಾನು ಆಫ್‌ಸೈಡ್ ಕೇಳುತ್ತಿದ್ದಾನೆ ಅಂದುಕೊಂಡೆ. ‘ಅಂಕಲ್, ತಲೆ ಸುತ್ತುತ್ತಿದೆ’ ಅಂದ, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲಿ. ಅವನನ್ನು ಹೊರಗೆ ಕರೆದು ನನ್ನ ಕೋಟು ಹೊದಿಸಿ ಪಕ್ಕದಲ್ಲಿ ಕೂರಿಸಿಕೊಂಡೆ, ಅವನ ಅಮ್ಮನಿಗೆ ಫೋನ್ ಮಾಡಿದೆ. ಹತ್ತು ಜನರೇ ಉಳಿದಿದ್ದೆವು, ಬದಲಿ ಆಟಗಾರ ಇರಲಿಲ್ಲ. ಅಮ್ಮನ ಕಾರು ಬರುವವರೆಗೂ ಅವನು ಕೋಟಿನ ಒಳಗಿಂದಲೇ ಸಾಲನ್ನು ನೋಡುತ್ತಿದ್ದ. ‘ಎಡಕ್ಕೆ ಸರಿಯಕ್ಕೆ ಹೇಳಿ ಅಂಕಲ್’ ಅಂದ ಮೆಲ್ಲಗೆ. ನಾನು ಕೂಗಿದೆ. ಮೂವರೂ ಒಟ್ಟಿಗೆ ಸರಿದರು.