ಊರಿನ ಲೆಕ್ಕ ಊರೇ ಕೇಳಬೇಕು
(ಗ್ರಾಮಸಭೆಗೆ ಹೋಗುವ ಮೊದಲು ಓದಿಕೊಳ್ಳತಕ್ಕ ಪಾಠ)



ಕಣದಲ್ಲಿ ಶೇಂಗಾ ತೂಗುವಾಗ ನಾವು ಯಾರೂ ಕಣ್ಣು ಮುಚ್ಚಿಕೊಂಡು ಕೂರುವುದಿಲ್ಲ. ವ್ಯಾಪಾರಿ ಎಷ್ಟೇ ಬೇಕಾದವನಾಗಿದ್ದರೂ ತಕ್ಕಡಿ ನೋಡುತ್ತೇವೆ, ಚೀಲ ಎಣಿಸುತ್ತೇವೆ. ಅದರಿಂದ ಅವನಿಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಊರಿನಲ್ಲಿ ಒಂದು ಚರಂಡಿಯೋ ಚೆಕ್ ಡ್ಯಾಮೋ ಆಗುವಾಗ ಮಾತ್ರ “ಸರ್ಕಾರದ ದುಡ್ಡು, ನಮಗೇನು?” ಎಂದು ಸುಮ್ಮನಾಗುತ್ತೇವೆ. ಸರ್ಕಾರದ ದುಡ್ಡು ಆಕಾಶದಿಂದ ಬಿದ್ದದ್ದಲ್ಲ. ಸೋಪಿನಿಂದ ಹಿಡಿದು ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್‌ವರೆಗೆ ನಾವು ಕೊಳ್ಳುವ ವಸ್ತುಗಳ ಬೆಲೆಯಲ್ಲಿ ತೆರಿಗೆ ಸೇರಿದೆ. ನಾವು ಕೊಟ್ಟ ಹಣದ ಲೆಕ್ಕವನ್ನು ನಾವು ಕೇಳುವುದು ಜಗಳವಲ್ಲ, ನಮ್ಮ ಪಾಲಿನ ಕೆಲಸ. ಅದನ್ನು ಮಾಡುವ ಬಗೆ ಹೇಗೆ, ಯಾವಾಗ ಎಂಬುದೇ ಈ ಪಾಠದ ವಿಷಯ.

ದುಂದು ಯಾವುದು, ಮಿತಿ ಮೀರುವುದು ಯಾವುದು?

ದುಂದು ಎಂದೊಡನೆ ಕಳ್ಳತನವೊಂದೇ ನಮ್ಮ ನೆನಪಿಗೆ ಬರುತ್ತದೆ. ಕಳ್ಳತನವಿಲ್ಲದ ದುಂದೂ ಉಂಟು. ನೀರು ಹರಿದು ಬರುವ ಪ್ರದೇಶವೇ ಇಲ್ಲದ ಕಡೆ ಕಟ್ಟಿದ ಚೆಕ್ ಡ್ಯಾಮಿಗೆ ಸಿಮೆಂಟು, ಕೂಲಿ ಎಲ್ಲವೂ ಸರಿಯಾಗಿ ಖರ್ಚಾಗಿರಬಹುದು. ಆದರೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ ನೆಟ್ಟ ಸಸಿ, ಕೊಳವೆ ಬಾವಿಯಲ್ಲಿ ನೀರಿಲ್ಲದ ಕಡೆ ಎಬ್ಬಿಸಿದ ಟ್ಯಾಂಕು, ಕೆಂಪು ಮಸಾರಿ ನೆಲದಲ್ಲಿ ಹೊದಿಕೆ ಇಲ್ಲದೆ ತೋಡಿದ ಹೊಂಡ, ಇವೆಲ್ಲವೂ ಇದೇ ಜಾತಿಗೆ ಸೇರಿದವು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರಿವೆ. ಇಂಥ ನಾಡಿನಲ್ಲಿ ನೀರಿನ ಕೆಲಸಕ್ಕೆ ಬಂದ ಹಣ ಹಾಳಾದರೆ ನಷ್ಟ ಎರಡರಷ್ಟು: ಹಣವೂ ಹೋಯಿತು, ನೀರೂ ಹೋಯಿತು.

ಮಿತಿ ಮೀರುವುದು ಬೇರೆ. ಊರಿನವರು ತೀರ್ಮಾನಿಸಬೇಕಾದ ಸಂಗತಿಯನ್ನು ಅವರನ್ನು ಕೇಳದೆ ಮೇಲಿನವರು ತೀರ್ಮಾನಿಸಿಬಿಡುವುದೇ ಅದು. ಎರಡಕ್ಕೂ ಬೇರು ಒಂದೇ. ಕೇಳದೆ ಮಾಡಿದ ಕೆಲಸದಲ್ಲಿ ದುಂದು ಹೆಚ್ಚು.

ಇದು ಹೊಸ ಮಾತಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆ ಆರಂಭವಾಯಿತು. ಐದು ವರ್ಷ ಕಳೆಯುವುದರೊಳಗೆ, 1957ರ ಜನವರಿಯಲ್ಲಿ, ಹಣದ ಮಿತವ್ಯಯ ಮತ್ತು ಕೆಲಸದ ದಕ್ಷತೆಯನ್ನು ಪರೀಕ್ಷಿಸಲು ಬಲವಂತರಾಯ್ ಮೆಹತಾ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು. ಜನರಲ್ಲಿ ಸ್ವಂತ ಉತ್ಸಾಹವನ್ನು ಎಬ್ಬಿಸುವುದರಲ್ಲಿ ಯೋಜನೆ ಸೋತಿದೆ ಎಂದು ಸಮಿತಿ ಅದೇ ವರ್ಷದ ನವೆಂಬರಿನಲ್ಲಿ ವರದಿ ಮಾಡಿತು. ಅದು ಸೂಚಿಸಿದ ಔಷಧ: ಚುನಾಯಿತ ಪಂಚಾಯಿತಿಗಳಿಗೆ ಅಧಿಕಾರವನ್ನೂ ಹಣವನ್ನೂ ಕೊಡುವುದು. ಇಂದಿನ ಗ್ರಾಮ ಪಂಚಾಯಿತಿಗಳ ಹಿಂದೆ ಈ ವಿಚಾರವಿದೆ.

ನೆರೆಯ ಕಾವಲಿನಿಂದ ಕಲಿಯತಕ್ಕದ್ದು

ದೂರದ ಉದಾಹರಣೆ ಬೇಡ. ನೆರೆಯ ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳನ್ನು ನೋಡೋಣ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಇವು. ಟೀಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಬಂತು. ದೊಡ್ಡ ಉಳ್ಳಾರ್ತಿ, ಖುದಾಪುರ, ವರವು ಕಾವಲು ಇವುಗಳ ಸುತ್ತಿನ ಊರುಗಳ ದನ ಕುರಿಗಳು ಈ ನೆಲವನ್ನೇ ನಂಬಿದ್ದವು. ಚಳ್ಳಕೆರೆಯ ಕಂಬಳಿಗೆ ಹೆಸರಿದೆ. ಕಂಬಳಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು.

2007ರಿಂದ 2010ರವರೆಗಿನ ವರ್ಷಗಳಲ್ಲಿ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ರಾಜ್ಯ ಸರ್ಕಾರ ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವಕ್ಕೆ ಹಂಚಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಸಿಕ್ಕಿತು. ತಮ್ಮ ಗ್ರಾಮಸಭೆಗಳನ್ನು ಯಾರೂ ಕೇಳಲಿಲ್ಲ, ಬೇಲಿ ಗೋಡೆಗಳು ಏಳತೊಡಗಿದ ಮೇಲೆಯೇ ಸಂಗತಿ ತಿಳಿಯಿತು ಎಂಬುದು ಊರಿನವರ ದೂರು. ಆಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸಭೆ ಸೇರಿದರು, ಪ್ರತಿಭಟನೆ ಮಾಡಿದರು, ಮನವಿ ಕೊಟ್ಟರು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೋ ಸಲ್ಡಾನಾ ಅವರು ಈ ಪ್ರಶ್ನೆಯನ್ನು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. 2013ರಲ್ಲಿ ಕಾಮಗಾರಿಗೆ ತಡೆಯೂ ಸಿಕ್ಕಿತು. ಆದರೆ 2014ರ ಆಗಸ್ಟಿನಲ್ಲಿ ಬಂದ ಅಂತಿಮ ತೀರ್ಪು ಭೂಮಿಯ ಹಂಚಿಕೆಯನ್ನು ರದ್ದು ಮಾಡಲಿಲ್ಲ. ಷರತ್ತುಗಳೊಡನೆ ಕೆಲಸ ಮುಂದುವರಿಯಲು ಬಿಟ್ಟಿತು. 2017ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ಕೇಂದ್ರದ ಉದ್ಘಾಟನೆಯೂ ಆಯಿತು.

ದೇಶಕ್ಕೆ ರಕ್ಷಣೆ ಬೇಡವೆಂದಾಗಲಿ ವಿಜ್ಞಾನ ಬೇಡವೆಂದಾಗಲಿ ಯಾರೂ ಹೇಳುವುದಿಲ್ಲ. ಎಷ್ಟು ಭೂಮಿ ಬೇಕು, ಅಷ್ಟೇಕೆ ಬೇಕು, ಕುರಿ ದನಗಳಿಗೆ ಬದಲಿ ಎಲ್ಲಿ ಎಂಬ ಪ್ರಶ್ನೆಗಳನ್ನು ಭೂಮಿ ಕೊಡುವ ಮೊದಲು ಊರಿನ ಮುಂದೆ ಇಡಬೇಕಾಗಿತ್ತು. ಗೋಡೆ ಎದ್ದ ಮೇಲೆ ಕೇಳಿದರೆ, ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಊರಿನವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ಕೇಳುವ ಹೊತ್ತು ಮಾತ್ರ ಅವರ ಕೈತಪ್ಪಿ ಹೋಗಿತ್ತು.

ಹೊತ್ತು ಮೀರದೆ ಎದ್ದವರ ಕಥೆಯೂ ನಮ್ಮ ನಾಡಿನಲ್ಲಿದೆ. 1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿಕೊಂಡವು. ನೀಲಗಿರಿ ಬೆಳೆಯಲೆಂದು ಸುಮಾರು 75,000 ಎಕರೆ ಸಾಮೂಹಿಕ ಭೂಮಿಯನ್ನು ಅದಕ್ಕೆ ಕೊಡಲು ಒಪ್ಪಲಾಯಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಹಳ್ಳಿಗಳಲ್ಲಿ ಜನರನ್ನು ಸಂಘಟಿಸಿತು. ಡಾ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಶಾಂತಿಯಿಂದ ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ಅಲ್ಲಿಯೇ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಬೇಡವಾದದ್ದನ್ನು ಕಿತ್ತವರು ಬೇಕಾದದ್ದನ್ನು ನೆಟ್ಟೂ ತೋರಿಸಿದರು. ವಿರೋಧಕ್ಕೆ ಬೆಲೆ ಬರುವುದು ಹೀಗೆ.

ಅಳೆದು ನೋಡುವ ಬಗೆ

ಇಷ್ಟು ದೊಡ್ಡ ಹೋರಾಟ ಪ್ರತಿ ಊರಿಗೂ ಬರುವುದಿಲ್ಲ. ಆದರೆ ಚಿಕ್ಕ ಕಾಮಗಾರಿ ಪ್ರತಿ ವರ್ಷವೂ ಬರುತ್ತದೆ. ಅದನ್ನು ಅಳೆಯಲು ಇಂಜಿನಿಯರೇ ಆಗಬೇಕಿಲ್ಲ. ಒಂದು ಟೇಪು, ಒಂದು ಕೋಲು, ಏಳನೆಯ ತರಗತಿಯ ಗಣಿತ ಸಾಕು.

(1) ಸಿಮೆಂಟು ರಸ್ತೆ: ಅಂದಾಜು ಪಟ್ಟಿಯಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿದೆ ಎನ್ನಿ. ಕಾಂಕ್ರೀಟು 45 ಘನ ಮೀಟರ್ ಆಗುತ್ತದೆ. ದಪ್ಪ 10 ಸೆಂಟಿಮೀಟರ್ ಮಾತ್ರ ಇದ್ದರೆ 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ರಸ್ತೆ ಕಾಗದದಲ್ಲಿಯೇ ಉಳಿಯಿತು. ಮೇಲಿನಿಂದ ನೋಡಿದವರಿಗೆ ಇದು ತಿಳಿಯದು. ಅಂಚಿನಲ್ಲಿ ಅಳೆದವರಿಗೆ ತಿಳಿಯುತ್ತದೆ. ಅಂಚಿಗೆ ಮಣ್ಣು ತುಂಬುವ ಮೊದಲೇ ಅಳೆಯಿರಿ.

(2) ಕೃಷಿ ಹೊಂಡ: ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್, ಪ್ರತಿ ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ ಇಳಿಜಾರು. ಆಗ ತಳ 6 ಮೀಟರ್‌ಗೆ 6 ಮೀಟರ್ ಆಗುತ್ತದೆ. ಮೇಲಿನ ವಿಸ್ತೀರ್ಣ 144, ತಳದ್ದು 36, ನಡುಮಟ್ಟದ 81ರ ನಾಲ್ಕರಷ್ಟು 324; ಕೂಡಿದರೆ 504. ಆರರಿಂದ ಭಾಗಿಸಿದರೆ 84. ಆಳ 3ರಿಂದ ಗುಣಿಸಿದರೆ 252 ಘನ ಮೀಟರ್. ಯಾರಾದರೂ 12, 12, 3 ಎಂದು ನೇರವಾಗಿ ಗುಣಿಸಿ 432 ಎಂದು ಬರೆದರೆ, 180 ಘನ ಮೀಟರ್ ಮಣ್ಣು ಅಗೆಯದೆಯೇ ಲೆಕ್ಕಕ್ಕೆ ಬಂತು.

(3) ಗೋಮಾಳ: ಪ್ರತಿ 100 ದನಗಳಿಗೆ 12 ಹೆಕ್ಟೇರಿನಂತೆ ಹುಲ್ಲುಗಾವಲು ಬಿಡಬೇಕೆಂಬುದು 1966ರ ಭೂಕಂದಾಯ ನಿಯಮಗಳ 97ನೆಯ ನಿಯಮ. ಊರಿನಲ್ಲಿ 400 ದನಗಳಿದ್ದರೆ 48 ಹೆಕ್ಟೇರು, ಅಂದರೆ ಸುಮಾರು 119 ಎಕರೆ ಆಗಬೇಕು. ದನಗಳ ಲೆಕ್ಕವನ್ನೂ ಪಹಣಿಯಲ್ಲಿರುವ ಗೋಮಾಳದ ಲೆಕ್ಕವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಭೂಮಿ ಕೇಳಿಕೊಂಡು ಯಾರಾದರೂ ಬಂದ ದಿನ ಹುಡುಕಿದರೆ ತಡವಾಗುತ್ತದೆ.

ಕಾಗದ ಕೇಳುವ ಬಗೆ

ಅಳತೆಯನ್ನು ಹೋಲಿಸಿ ನೋಡಲು ಕಾಗದ ಬೇಕು. ರಾಜಸ್ಥಾನದ ಬಡ ಕೂಲಿಕಾರರು ಇದನ್ನು ನಮಗಿಂತ ಮೊದಲೇ ಕಂಡುಕೊಂಡರು. 1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. 1994ರ ಡಿಸೆಂಬರಿನಿಂದ ಅವರು ಬಿಲ್ಲುಗಳನ್ನೂ ಹಾಜರಿ ಪಟ್ಟಿಗಳನ್ನೂ ಊರಿನ ನಡುವೆ ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೇ ಬಾರದವರ ಹೆಸರಿಗೆ ಕೂಲಿ ಬರೆದದ್ದು ಎಲ್ಲರೆದುರು ಬಯಲಾಯಿತು. ಆ ಚಳವಳಿಯೇ ಬೆಳೆದು 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿ ಮಾಡಿತು. ಉದ್ಯೋಗ ಖಾತರಿ ಕಾಯಿದೆಯೂ 2005ರದೇ. ಗ್ರಾಮಸಭೆಯೇ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಮಾಡಬೇಕೆಂದು ಅದು ವಿಧಿಸಿತು.

ಮಾಹಿತಿ ಹಕ್ಕಿನಲ್ಲಿ ನಾವು ತಿಳಿಯತಕ್ಕ ಅಂಶಗಳು ಇವು. ಅರ್ಜಿಯ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಏಕೆ ಬೇಕು ಎಂಬ ಕಾರಣವನ್ನು ಹೇಳಬೇಕಾಗಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಕಾಗದದ ನಕಲು ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಈ ಕಾಯಿದೆಯಲ್ಲಿ ಇದೆ. ಇದನ್ನು ಬಲ್ಲವರು ಕಡಿಮೆ.

ಅರ್ಜಿ ಹೀಗಿದ್ದರೆ ಸಾಕು: “ನಮ್ಮ ಗ್ರಾಮದ ಇಂಥ ಬೀದಿಯ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಹಾಜರಿ ಪಟ್ಟಿ, ಪಾವತಿಯಾದ ಬಿಲ್ಲುಗಳು, ಇವುಗಳ ದೃಢೀಕೃತ ನಕಲುಗಳನ್ನು ಕೊಡಬೇಕು.” ಬೈಗುಳ ಬೇಡ, ಆರೋಪ ಬೇಡ. ಆರೋಪ ಮಾಡಿದರೆ ಮಾತು ಜಗಳಕ್ಕೆ ತಿರುಗಿ ಲೆಕ್ಕ ಮರೆಯಾಗುತ್ತದೆ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಲು ಮರೆಯಬೇಡಿ.

ಸಭೆಯಲ್ಲಿ ನಡೆಯುವ ಬಗೆ

ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ಮತದಾರರೆಲ್ಲರೂ ಅದರ ಸದಸ್ಯರು. ಕಾಮಗಾರಿಗಳ ಪಟ್ಟಿ ಅಲ್ಲಿ ಬರುವ ದಿನವೇ ನಮಗೆ ಮುಖ್ಯ ದಿನ. ಪ್ರತಿ ಕಾಮಗಾರಿಗೂ ಐದು ಪ್ರಶ್ನೆ ಹಾಕಿರಿ. ಇದು ಯಾರಿಗೆ ಬೇಕು? ಈ ಜಾಗವೇ ಏಕೆ? ಎಷ್ಟು ಖರ್ಚು, ಅದರಲ್ಲಿ ಕೂಲಿ ಎಷ್ಟು, ಸಾಮಗ್ರಿ ಎಷ್ಟು? ಮುಗಿದ ಮೇಲೆ ನೋಡಿಕೊಳ್ಳುವವರು ಯಾರು? ಇದೇ ಹಣದಲ್ಲಿ ಇದಕ್ಕಿಂತ ಅಗತ್ಯವಾದ ಕೆಲಸ ಇದೆಯೇ? ಬೇಡವೆನಿಸಿದ್ದನ್ನು ಬೇಡವೆಂದಷ್ಟೇ ಹೇಳಿ ಬರಬೇಡಿ, ಬದಲಿಗೆ ಏನು ಬೇಕೆಂಬುದನ್ನೂ ಹೇಳಿರಿ. ನೀರು ಹೊರುವ ತಾಯಂದಿರಿಗೂ ಕುರಿ ಕಾಯುವವರಿಗೂ ಮೊದಲು ಮಾತಾಡಲು ಬಿಡಿ; ಹಳ್ಳ ಎಲ್ಲಿ ಹರಿಯುತ್ತದೆ, ಹುಲ್ಲು ಎಲ್ಲಿ ಚಿಗುರುತ್ತದೆ ಎಂಬುದು ಅವರಿಗೆ ಗೊತ್ತು. ಆಡಿದ ಮಾತು ಗಾಳಿಗೆ ಹೋಗುತ್ತದೆ. ನಡಾವಳಿ ಪುಸ್ತಕದಲ್ಲಿ ಬರೆಸಿದ್ದು ನಿಲ್ಲುತ್ತದೆ. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿ.

ಒಬ್ಬರೇ ಕೇಳಿದರೆ ವೈರ ಕಟ್ಟಿಕೊಂಡಂತೆ ಕಾಣುತ್ತದೆ. ಹತ್ತು ಮನೆಯವರು ಸೇರಿ ಕೇಳಿದರೆ ಅದು ಊರಿನ ಮಾತಾಗುತ್ತದೆ. ಲೆಕ್ಕ ಸರಿಯಾಗಿದ್ದರೆ ಹಾಗೆಂದು ಸಭೆಯಲ್ಲಿಯೇ ಹೇಳಿ, ಪ್ರಾಮಾಣಿಕವಾಗಿ ದುಡಿದ ಅಧಿಕಾರಿಯನ್ನೂ ಸದಸ್ಯನನ್ನೂ ಮೆಚ್ಚಿಕೊಳ್ಳಿ. ಊರು ಅಳೆದು ನೋಡುತ್ತದೆ ಎಂದು ತಿಳಿದಾಗ ಒಳ್ಳೆಯವನ ಕೈ ಬಲವಾಗುತ್ತದೆ.

ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಊರಿನಲ್ಲಿ ಆದ ಕಾಮಗಾರಿಗಳಾವುವು? ಅವುಗಳಲ್ಲಿ ಇಂದು ಉಪಯೋಗಕ್ಕೆ ಬರುತ್ತಿರುವವು ಎಷ್ಟು?
2. ನಮ್ಮ ಊರಿನ ದನಗಳೆಷ್ಟು, ಗೋಮಾಳವೆಷ್ಟು? ನಿಯಮದ ಲೆಕ್ಕಕ್ಕೆ ಸರಿಹೋಗುತ್ತದೆಯೇ?
3. ಮುಂದಿನ ಗ್ರಾಮಸಭೆಗೆ ಮೊದಲು ಯಾವ ಒಂದು ಕಾಮಗಾರಿಯನ್ನು ಅಳೆಯೋಣ? ಟೇಪು ಹಿಡಿಯುವವರು ಯಾರು, ಬರೆದುಕೊಳ್ಳುವವರು ಯಾರು?

ಮೂರನೆಯ ಪ್ರಶ್ನೆಗೆ ಎರಡು ಹೆಸರು ಗೊತ್ತಾದ ದಿನವೇ ಕೆಲಸ ಆರಂಭಿಸಿರಿ.

— ಗ್ರಾಮ ಸೇವಕ, ಕೊಂಡ್ಲಹಳ್ಳಿ