ಗಾಡಿ ಯಾಕೆ ನಿಂತಿತು?



ಗಾಡಿ ಕೆಟ್ಟರೆ ನಾವು ದೂರ ನಿಲ್ಲುತ್ತೇವೆ. "ಅದು ಗಂಡಸರ ಕೆಲಸ" ಅನ್ನುತ್ತೇವೆ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಸೊಪ್ಪಿನಕ್ಕ ಹಾಗೆ ಅನ್ನಲಿಲ್ಲ. ಅವರ ಕಥೆ ಓದೋಣ.

ಸೊಪ್ಪಿನಕ್ಕನ ಮನೆಯಲ್ಲಿ ಮಾವನ ಕಾಲದ ಯೆಜ್ಡಿ ಮೋಟಾರ್ ಸೈಕಲ್ ಇತ್ತು. ಅದು ಮೈಸೂರಿನಲ್ಲೇ ತಯಾರಾದ ಗಾಡಿ. 1961ರಲ್ಲಿ ಅಲ್ಲಿಯ ಕಾರ್ಖಾನೆಯಲ್ಲಿ ಜಾವಾ ಗಾಡಿ ತಯಾರಿ ಶುರುವಾಯಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳು ಇನ್ನೂ ಓಡುತ್ತಿವೆ.

ಅಕ್ಕ ತಮ್ಮ ಓಲೆ ಅಡವಿಟ್ಟು ಗಾಡಿ ರಿಪೇರಿ ಮಾಡಿಸಿದರು. ಇಂಜಿನ್ ಬಿಚ್ಚಿ ಮತ್ತೆ ಕಟ್ಟಿದರು. ಟ್ಯಾಂಕಿಗೆ ಬಣ್ಣ ಹೊಡೆಸಿದರು. ದಿನಾ ಬೆಳಿಗ್ಗೆ ಗಂಡ ಹೆಂಡತಿ ಅದರಲ್ಲೇ ಸೊಪ್ಪು ಹೇರಿಕೊಂಡು ಸಂತೆಗೆ ಹೊರಟರು.

ಆದರೆ ಗಾಡಿ ನಡುದಾರಿಯಲ್ಲಿ ನಿಲ್ಲತೊಡಗಿತು. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದು. ಬಿಸಿಲೇರಿ ಸೊಪ್ಪು ಬಾಡುತ್ತಿತ್ತು. ಪ್ಲಗ್ ಬದಲಾಯಿಸಿದರು. ಪ್ರಯೋಜನವಾಗಲಿಲ್ಲ.

"ಗುಜರಿಗೆ ಹಾಕಿಬಿಡ್ತೀನಿ" ಅಂದರು ಯಜಮಾನರು.

"ಸ್ವಲ್ಪ ತಾಳಿ. ನನ್ನ ಓಲೆ ಇನ್ನೂ ಅಡವಿನಲ್ಲೇ ಇದೆ" ಅಂದರು ಅಕ್ಕ.

ಅಕ್ಕ ಆಗತಾನೇ ಬರೆಯಲು ಕಲಿತಿದ್ದರು. ದಿನಾ ನೋಟ್ ಪುಸ್ತಕದಲ್ಲಿ ಹೀಗೆ ಬರೆದಿಟ್ಟರು:

ಸೋಮವಾರ: 6 ಕಿಲೋಮೀಟರ್ ಓಡಿತು. ನಿಂತಿತು. 20 ನಿಮಿಷ ಬಿಟ್ಟು ಸ್ಟಾರ್ಟ್ ಆಯಿತು.
ಮಂಗಳವಾರ: 5 ಕಿಲೋಮೀಟರ್. ಪ್ಲಗ್ ಬಿಚ್ಚಿದರು. ಒಣಗಿತ್ತು.
ಬುಧವಾರ: 6 ಕಿಲೋಮೀಟರ್. ಮತ್ತೆ ಪ್ಲಗ್ ಒಣಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು.

ಬರೆದದ್ದನ್ನು ಅಕ್ಕ ಓದಿದರು. ಮತ್ತೆ ಓದಿದರು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಹಾರುತ್ತಿಲ್ಲ ಎನ್ನಬಹುದು. ಇಲ್ಲಿ ಪ್ಲಗ್ ಒಣಗಿದೆ. ಹಾಗಾದರೆ ಪೆಟ್ರೋಲೇ ಇಂಜಿನ್ನಿಗೆ ಇಳಿಯುತ್ತಿಲ್ಲ!

ಅಕ್ಕನಿಗೆ ಎಣ್ಣೆ ಡಬ್ಬದ ನೆನಪಾಯಿತು. ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯದು. ಇನ್ನೊಂದು ತೂತು ಮಾಡಬೇಕು. ಅದರಿಂದ ಗಾಳಿ ಒಳಗೆ ಹೋಗುತ್ತದೆ. ಆಗ ಎಣ್ಣೆ ಸರಾಗವಾಗಿ ಸುರಿಯುತ್ತದೆ.

"ರೀ, ಈ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗುತ್ತೆ?" ಎಂದು ಕೇಳಿದರು.

ಮರುದಿನ ಗಾಡಿ ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು. ಸುಸ್ ಎಂದು ಗಾಳಿ ಒಳಗೆ ಎಳೆದ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಳ ಹಾಕಿ ಕಿಕ್ ಹೊಡೆದರು. ಗಾಡಿ ಸ್ಟಾರ್ಟ್ ಆಯಿತು!

ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತು ಇರುತ್ತದೆ. ಯಜಮಾನರು ಹಳೇ ಟ್ಯೂಬಿನ ರಬ್ಬರನ್ನು ದುಂಡಗೆ ಕತ್ತರಿಸಿ ಮುಚ್ಚಳದ ಒಳಗೆ ಇಟ್ಟಿದ್ದರು. ನಡುವೆ ತೂತು ಬಿಟ್ಟಿರಲಿಲ್ಲ. ಅದು ಗಾಳಿಯ ದಾರಿ ಮುಚ್ಚಿತ್ತು. ಪೆಟ್ರೋಲ್ ಕೆಳಗೆ ಇಳಿಯದೆ ಇಂಜಿನ್ ನಿಲ್ಲುತ್ತಿತ್ತು. ನಿಂತ ಮೇಲೆ ಸಂದಿನಿಂದ ನಿಧಾನವಾಗಿ ಗಾಳಿ ಸೇರುತ್ತಿತ್ತು. ಅದಕ್ಕೇ 20 ನಿಮಿಷದ ಮೇಲೆ ಸ್ಟಾರ್ಟ್ ಆಗುತ್ತಿತ್ತು.

ಆ ರಬ್ಬರು ತೆಗೆದರು. ಟ್ಯೂಬಿನ ರಬ್ಬರು ಪೆಟ್ರೋಲಿನಲ್ಲಿ ಉಬ್ಬುತ್ತದೆ. ಅಂಗಡಿಯಿಂದ ಸರಿಯಾದ ವಾಷರ್ ತಂದು ಹಾಕಿದರು. ತೂತನ್ನು ಪಿನ್ನಿನಿಂದ ಶುಚಿ ಮಾಡಿದರು. ಅಂದಿನಿಂದ ಸೊಪ್ಪು ಬಾಡುವ ಮೊದಲೇ ಸಂತೆ ಸೇರುತ್ತಿದೆ. ಓಲೆಯೂ ಮನೆಗೆ ಬಂತು.

ನೆನಪಿಡಿ: ಪೆಟ್ರೋಲಿನ ಹತ್ತಿರ ಬೀಡಿ, ಬೆಂಕಿ, ದೀಪ ಬೇಡ. ಬಿಸಿ ಇಂಜಿನ್ ಮುಟ್ಟಬೇಡಿ. ಆರಿದ ಮೇಲೆ ಪ್ಲಗ್ ಬಿಚ್ಚಿ.

ಓದಿ, ಉತ್ತರ ಬರೆಯಿರಿ
1. ಪ್ಲಗ್ ಒಣಗಿದ್ದರಿಂದ ಅಕ್ಕನಿಗೆ ಏನು ತಿಳಿಯಿತು?
2. ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಬೇಕು?
3. ನಿಮ್ಮ ಮನೆಯಲ್ಲಿ ಆಗಾಗ ಕೆಡುವ ವಸ್ತು ಯಾವುದು? ಅದು ಯಾವಾಗ ಕೆಡುತ್ತದೆ? ಒಂದು ವಾರ ಬರೆದಿಡಿ.